ಭಾವ ನೋಡಿದ ಇಪ್ಪತ್ತೇಳು ಜಾಗ

ನನ್ನ ಅಕ್ಕನ ಗಂಡ ಲಿಫ್ಟ್ ರಿಪೇರಿಯವರು. ಮೂವತ್ಮೂರು ವರ್ಷ ಅದೇ ಕೆಲಸ. ಬೆಳಿಗ್ಗೆ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆ, ಮಧ್ಯಾಹ್ನ ತಳದ ಗುಂಡಿ, ನಡುವೆ ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳು. ಎರಡು ಮಹಡಿಗಳ ಮಧ್ಯೆ ಲಿಫ್ಟ್ ನಿಂತು ಒಳಗಿದ್ದವರು ಕಿರುಚಿಕೊಂಡರೆ ಬಾಗಿಲ ಸಂದಿಗೆ ಬಾಯಿಟ್ಟು, "ಗಾಬರಿ ಆಗ್ಬೇಡಿ, ನಾನಿದ್ದೀನಿ, ಐದೇ ನಿಮಿಷ" ಎನ್ನುತ್ತಿದ್ದರು. ಅಷ್ಟು ಮೆತ್ತಗಿನ ದನಿ ಮನೆಗೆ ಬರುವಷ್ಟರಲ್ಲಿ ಖರ್ಚಾಗಿ ಹೋಗಿರುತ್ತಿತ್ತು. ಮನೆಯಲ್ಲಿ ಒಂದು ಲೋಟ ಜಾರಿ ಬಿದ್ದರೂ ಹುಬ್ಬು ಗಂಟಾಗುತ್ತಿತ್ತು.

"ರಿಟೈರ್ ಆದ್ಮೇಲೆ ಜನರ ಸದ್ದೇ ಇಲ್ಲದ ಕಡೆ ಒಂದು ತುಂಡು ಭೂಮಿ ತಗೊಂಡು, ಗಿಡ ನೆಟ್ಕೊಂಡು ಇದ್ಬಿಡ್ತೀನಿ" ಎನ್ನುವುದು ಅವರ ಹಳೆಯ ಮಾತು. "ಇದ್ಬಿಡ್ತೀನಿ" ಎನ್ನುತ್ತಿದ್ದರು, "ಇದ್ಬಿಡ್ತೀವಿ" ಎಂದದ್ದು ನನಗೆ ನೆನಪಿಲ್ಲ. ಆಗ ಅದು ಯಾರ ಕಿವಿಗೂ ಚುಚ್ಚಿರಲಿಲ್ಲ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ರಸ್ತೆ ಕಡೆಯ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಅದರ ಕೆಳಗೆ ಬಣ್ಣಬಣ್ಣದ ಚಿಂದಿ. ತೋಳು ಬಿಗಿಯಾಯಿತು, ಸೊಂಟ ಸಡಿಲವಾಯಿತು ಎಂದು ಬಂದ ಹೆಂಗಸರು ಅಳತೆ ಕೊಡುವ ನೆಪದಲ್ಲಿ ಒಂದು ಗಂಟೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದರು. ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಹ್ಞೂಂ, ಆಮೇಲೆ?" ಎನ್ನುತ್ತಿದ್ದಳು. ಯಾರ ಸೊಸೆ ಮುನಿಸಿಕೊಂಡಿದ್ದಾಳೆ, ಯಾರ ಮಗಳು ಯಾರನ್ನು ಮೆಚ್ಚಿದ್ದಾಳೆ ಎಲ್ಲವೂ ಮೊದಲು ತಿಳಿಯುತ್ತಿದ್ದದ್ದು ಅವಳಿಗೆ. ಅವಳಿಂದಾಚೆಗೆ ಒಂದು ಮಾತೂ ಹೋಗುತ್ತಿರಲಿಲ್ಲ, ಆ ನಂಬಿಕೆಗೇ ಜನ ಬರುತ್ತಿದ್ದದ್ದು. ಅಕ್ಕ ಭಾವನಿಗೆ ಮಕ್ಕಳಾಗಲಿಲ್ಲ. ಮನೆ ಮಾತ್ರ ಯಾವತ್ತೂ ಖಾಲಿ ಇರುತ್ತಿರಲಿಲ್ಲ.

ನನ್ನದು ಸಾಮಾನು ಸಾಗಿಸುವ ಸಣ್ಣ ವ್ಯಾನು. ಭಾವ ರಿಟೈರಾಗಲು ಆರು ವರ್ಷವಿರುವಾಗಲೇ ಜಾಗ ಹುಡುಕುವ ಕೆಲಸ ಶುರುವಾಯಿತು. ಭಾನುವಾರ ಬಂತೆಂದರೆ ಮುಂದಿನ ಸೀಟಿನಲ್ಲಿ ಭಾವ, ಅವರ ಪಕ್ಕ ಕಿಟಕಿಗೆ ಒತ್ತಿಕೊಂಡು ಅಕ್ಕ, ಹಿಂದೆ ಒಂದು ಹಾರೆ, ನಾಲ್ಕು ಗಾಜಿನ ಬಾಟಲಿ. ಜಾಗ ತೋರಿಸಲು ಬಂದ ಬ್ರೋಕರು ಮಾತು ಶುರು ಮಾಡುವ ಮೊದಲೇ ಭಾವ ಹಾರೆಯಲ್ಲಿ ಮೂರು ಕಡೆ ಅಗೆದು, ಮಣ್ಣನ್ನು ಬಾಟಲಿಗೆ ಹಾಕಿ, ನೀರು ಬೆರೆಸಿ ಕುಲುಕಿ ಇಡುತ್ತಿದ್ದರು. ಮರಳು ಎಷ್ಟು ಕೂರುತ್ತದೆ, ಜೇಡಿ ಎಷ್ಟು ನಿಲ್ಲುತ್ತದೆ ಎಂದು ನೋಡಬೇಕು. ಬಾವಿ ನೀರನ್ನು ಬಾಯಲ್ಲಿ ಹೊರಳಿಸಿ ಉಗುಳುತ್ತಿದ್ದರು. ಗಾಳಿ ಯಾವ ಕಡೆಯಿಂದ, ಆಸ್ಪತ್ರೆ ಎಷ್ಟು ದೂರ, ನೀರು ಹರಿದು ಎಲ್ಲಿ ನಿಲ್ಲುತ್ತದೆ, ಎಲ್ಲ ಕೇಳುತ್ತಿದ್ದರು.

ಒಂದು ಕಡೆ ಮಣ್ಣು ಚಿನ್ನದಂಥದ್ದು, ಆದರೆ ಪಕ್ಕದ ತೋಟದ ನಾಯಿ ಬಿಡದೆ ಬೊಗಳಿತು, ಬೇಡವಾಯಿತು. ಇನ್ನೊಂದು ಕಡೆ ಎಲ್ಲ ಸರಿಯಿತ್ತು, ಮಾರುವವನು ವಿಪರೀತ ನಯವಾಗಿ ಮಾತಾಡಿದ. "ಇಷ್ಟು ಬೆಣ್ಣೆ ಹಚ್ತಾನೆ ಅಂದ್ರೆ ಏನೋ ಐಬು ಇದೆ" ಎಂದು ವಾಪಸ್ ಹೊರಟರು. ಬ್ರೋಕರುಗಳು ಇವರ ಫೋನು ಎತ್ತುವುದನ್ನೇ ಬಿಟ್ಟರು. ನಾನೂ ಅಕ್ಕನೂ ಬರುವ ದಾರಿಯಲ್ಲಿ ನಗುತ್ತಿದ್ದೆವು. ಆಗಿನ್ನೂ ನಗಬಹುದಾಗಿತ್ತು.

ಹತ್ತೊಂಬತ್ತನೆಯ ಜಾಗ ಒಂದು ಊರಿನ ಅಂಚಿನಲ್ಲಿ, ಶಾಲೆಯ ಹಿಂದೆ. ಅರ್ಧ ಎಕರೆ, ಎರಡು ನಿಂಬೆ ಗಿಡ, ಮುಂದೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿ. ಭಾವ ಅಗೆಯುತ್ತಿರುವಾಗ ದಾರಿಯಲ್ಲಿ ಬರುತ್ತಿದ್ದ ಹೆಂಗಸೊಬ್ಬಳ ರವಿಕೆಯ ತೋಳು ಬೇಲಿಯ ತಂತಿಗೆ ಸಿಕ್ಕಿ ಪರ್ರೆಂದು ಹರಿಯಿತು. ಅಕ್ಕ ತನ್ನ ಪರ್ಸಿನಿಂದ ಸೂಜಿ ದಾರ ತೆಗೆದು ನಿಂತಲ್ಲೇ ಹೊಲಿದುಕೊಟ್ಟಳು. ಬಸ್ಸಿಗೆ ಕಾಯುತ್ತಿದ್ದ ಇನ್ನಿಬ್ಬರು ಬಂದು ಸೇರಿಕೊಂಡರು. ಎಲ್ಲಿಂದ ಬಂದಿರಿ, ಏನು ಕೆಲಸ, ಇಲ್ಲಿ ಹೊಲಿಯುವವರೇ ಇಲ್ಲ, ಬಂದುಬಿಡಿ ಎಂದರು. ಅಕ್ಕ ವ್ಯಾನಿನ ಹತ್ತಿರ ಬಂದಾಗ ಅವಳ ಮುಖ ಮದುವೆಗೆ ಮುಂಚಿನ ಮುಖವಾಗಿತ್ತು.

"ಇದೇ ಸಾಕು ರೀ" ಎಂದಳು.

ಭಾವ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. "ನೀರು ಸ್ವಲ್ಪ ಉಪ್ಪು. ಪಕ್ಕದಲ್ಲಿ ಶಾಲೆ, ಮುಂದೆ ಬಸ್ಸು. ಸಿಟಿ ಬಿಟ್ಟು ಇನ್ನೊಂದು ಸಿಟಿಗೆ ಬರೋಕೆ ಇಷ್ಟೆಲ್ಲ ಒದ್ದಾಡ್ಬೇಕಾ?"

"ಉಪ್ಪಾದ್ರೆ ಕುಡಿಯೋ ನೀರು ತರಿಸ್ಕೊಳ್ಳೋಣ. ನಾಲ್ಕು ಜನ ಇರ್ತಾರೆ."

"ಆ ನಾಲ್ಕು ಜನಾನೇ ಬೇಡ ಅಂತ ತಾನೇ ಹೋಗ್ತಿರೋದು?"

ಅಕ್ಕ ನನ್ನ ಕಡೆ ತಿರುಗಿದಳು. "ನೀನೇನಂತೀಯೋ?"

ನನಗೆ ಆ ಜಾಗ ಇಷ್ಟವಾಗಿತ್ತು. ಅಕ್ಕನ ಮುಖ ನೋಡಿದ ಮೇಲಂತೂ ಬೇರೆ ಜಾಗವೇ ಬೇಡ ಅನ್ನಿಸಿತ್ತು. ಆದರೆ ಭಾವನಿಗೆ ಎದುರು ಮಾತಾಡಿ ಗೊತ್ತಿಲ್ಲದವನು ನಾನು. ಬಗ್ಗಿ ಟೈರು ಒತ್ತಿ ನೋಡುತ್ತ, "ಭಾವನಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು ಬಿಡಕ್ಕ" ಎಂದೆ.

ಅಲ್ಲಿಂದಾಚೆ ಅಕ್ಕ ಭಾನುವಾರ ನಮ್ಮ ಜೊತೆ ಬಂದರೂ ವ್ಯಾನಿನಿಂದ ಇಳಿಯಲಿಲ್ಲ. ಮಡಿಲಲ್ಲಿ ಯಾರದೋ ಪರದೆ ಇಟ್ಟುಕೊಂಡು ಅಂಚು ಹೊಲಿಯುತ್ತ ಕೂತಿರುತ್ತಿದ್ದಳು.

ಇಪ್ಪತ್ತೇಳನೆಯ ಜಾಗ ಭಾವನ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಿತು. ಒಂದೂಕಾಲು ಎಕರೆ, ಕೈಗೆಟುಕುವ ಆಳದಲ್ಲಿ ಸಿಹಿನೀರು, ಕೆಂಪು ಮಣ್ಣು, ಹದವಾದ ಇಳಿಜಾರು. ಡಾಂಬರು ರಸ್ತೆಯಿಂದ ಕವಲೊಡೆದ ಮಣ್ಣಿನ ದಾರಿ ಅಲ್ಲಿಗೇ ಮುಗಿಯುತ್ತದೆ. ಅತಿ ಹತ್ತಿರದ ಮನೆ ದಿಬ್ಬದ ಆಚೆ, ಎರಡು ಕಿಲೋಮೀಟರು. ಮೂರನೇ ಮಹಡಿಯ ಮನೆ ಮಾರಿ, ಅಲ್ಲಿ ಹಂಚಿನ ಮನೆ ಕಟ್ಟಿ, ರಿಟೈರಾದ ತಿಂಗಳೇ ಹೊರಟರು. ಸಾಮಾನು ಸಾಗಿಸಿದ್ದು ನನ್ನ ವ್ಯಾನೇ. ಬೀದಿಯ ಹೆಂಗಸರು ಅಕ್ಕನನ್ನು ಸುತ್ತುವರಿದು ಕಣ್ಣೊರೆಸಿಕೊಂಡರು. ಅವಳು ಅಳಲಿಲ್ಲ. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿದ್ದು ಸರಿಯಾಗಿದೆಯೇ ಎಂದು ಎರಡು ಸಲ ನೋಡಿದಳು.

ಭಾವ ಅಲ್ಲಿ ಹತ್ತು ವರ್ಷ ಚಿಕ್ಕವರಾದರು, ಅದನ್ನೂ ಹೇಳಬೇಕು. ಸೀಬೆ ನೆಟ್ಟರು, ಪೈಪು ಎಳೆದರು, ಬೆನ್ನು ನೆಟ್ಟಗಾಯಿತು, ಊಟ ಹೆಚ್ಚಾಯಿತು. ನಾನು ಹೋದಾಗಲೆಲ್ಲ ಒಂದೊಂದು ಗಿಡವನ್ನೂ ಮುಟ್ಟಿ ಪರಿಚಯ ಮಾಡಿಸುತ್ತಿದ್ದರು.

ಅಕ್ಕ ದಿಂಬುಗಳಿಗೆ ಚೀಲ ಹೊಲಿದಳು, ಕಿಟಕಿಗಳಿಗೆ ಪರದೆ ಹೊಲಿದಳು. ಆಮೇಲೆ ಮಿಕ್ಸಿಗೆ, ರೇಡಿಯೋಗೆ, ನೀರಿನ ಕೊಡಕ್ಕೆ, ಟಾರ್ಚಿಗೆ ಗವಸು. "ಮನೇಲಿರೋದಕ್ಕೆಲ್ಲ ಬಟ್ಟೆ ಹೊಲಿದಾಯ್ತು ಕಣೋ, ನಿಮ್ಮ ಭಾವನ ಗುದ್ದಲಿಗೊಂದು ಬಾಕಿ" ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ.

ಎರಡನೇ ವರ್ಷ ಭಾವ ನನಗೊಂದು ವಿಷಯವನ್ನು ತಮಾಷೆಯೆಂದು ಹೇಳಿದರು. ಸಾಲ ಬೇಕಾ, ವಿಮೆ ಬೇಕಾ ಎಂದು ಕಂಪನಿಗಳಿಂದ ಫೋನು ಬರುತ್ತದಲ್ಲ, ಅಕ್ಕ ಅವರ ಜೊತೆ ಅರ್ಧ ಗಂಟೆ ಮಾತಾಡುತ್ತಾಳಂತೆ. "ಊಟ ಆಯ್ತಾಮ್ಮ? ಮನೇಲಿ ಯಾರ್ಯಾರಿದ್ದಾರೆ? ದನಿ ಯಾಕೆ ಕಟ್ಟಿದೆ, ನೆಗಡೀನಾ?" ಎಂದು ಆ ಹುಡುಗಿಯನ್ನೇ ವಿಚಾರಿಸುತ್ತಾಳಂತೆ. "ಪಾಪ, ಆ ಕಡೆಯವಳೇ ಸುಸ್ತಾಗಿ ಫೋನ್ ಇಡ್ತಾಳೆ" ಎಂದು ಭಾವ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆಗಲೂ ನಾನು ಎದ್ದು ಹೋಗಿ ವ್ಯಾನಿನ ಟೈರು ಒತ್ತಿ ನೋಡಿದೆ.

ಮೂರನೇ ವರ್ಷ ಕಣ್ಣಿನ ಪೊರೆ ತೆಗೆಸಲು ಅಕ್ಕ ನಮ್ಮ ಮನೆಗೆ ಬಂದಳು. ಹದಿನೈದು ದಿನ ಇದ್ದಳು. ನನ್ನ ಹೆಂಡತಿಯ ಜೊತೆ ಬೆಳಿಗ್ಗೆ ಶುರುವಾದ ಮಾತು ಸಂಜೆಗೂ ನಿಲ್ಲುತ್ತಿರಲಿಲ್ಲ. ಭಾವ ಕರೆದುಕೊಂಡು ಹೋಗಲು ಬಂದ ದಿನ ಚೀಲವನ್ನೇ ಕಟ್ಟಿರಲಿಲ್ಲ.

"ನಾನು ಬರಲ್ಲ" ಎಂದಳು.

"ಇನ್ನೆಷ್ಟು ದಿನ ಇರ್ತೀಯ?"

"ಇನ್ನು ಬರೋದೇ ಇಲ್ಲ ಅಂದೆ."

ಭಾವ ಕುರ್ಚಿಯ ಬೆನ್ನು ಹಿಡಿದು ನಿಂತರು. "ನಿಂಗೇನು ಕಡಿಮೆಯಾಗಿದೆ ಅಲ್ಲಿ? ಅಂಥ ನೀರು, ಅಂಥ ಗಾಳಿ! ಆರು ವರ್ಷ ಅಲೆದು ಇಪ್ಪತ್ತೇಳು ಜಾಗ ನೋಡಿದೆ. ಯಾರಿಗೋಸ್ಕರ?"

"ನಿಮಗೋಸ್ಕರ. ನನ್ನೇನು ಕೇಳಿದ್ರಾ?"

"ಪ್ರತಿಸಲ ನಿನ್ನ ಕರ್ಕೊಂಡೇ ಹೋಗಿದ್ದೆನಲ್ಲೇ!"

"ಕರ್ಕೊಂಡು ಹೋಗಿದ್ರಿ. ವ್ಯಾನಿನ ಸ್ಟೆಪ್ನಿ ಟೈರೂ ಪ್ರತಿಸಲ ಬಂದಿತ್ತು."

ನನ್ನ ಹೆಂಡತಿ ಮೆಲ್ಲಗೆ ಎದ್ದು ಒಳಗೆ ಹೋದಳು. ಭಾವ ಅಕ್ಕನನ್ನು ಬಿಟ್ಟು ನನ್ನನ್ನು ನೋಡಿದರು. "ಆವತ್ತು ಆ ಶಾಲೆ ಹತ್ರ ನಿನ್ನ ಕೇಳಿದ್ಲಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ ನೀನು?"

ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದು ಸಿಟ್ಟು ಬಂತು. ಕುರ್ಚಿಯನ್ನು ಮುಂದಕ್ಕೆ ಎಳೆದು, "ಕೂತ್ಕೊಳ್ಳಿ ಭಾವ" ಎಂದೆ.

ಅಕ್ಕ ನಮ್ಮ ಬೀದಿಯಲ್ಲೇ ಕಿರಾಣಿ ಅಂಗಡಿಯ ಪಕ್ಕ ಒಂದು ಕೋಣೆ ಹಿಡಿದಳು. ಅವಳ ಹಿಂದಿನ ಮನೆ ಅಲ್ಲಿಂದ ದೂರವಿಲ್ಲ, ಹಳೆಯ ಗಿರಾಕಿಗಳು ಬರುತ್ತಾರೆಂದುಕೊಂಡಿದ್ದಳು. ಮೂರು ವರ್ಷದಲ್ಲಿ ಎಲ್ಲರೂ ಸಿದ್ಧ ಉಡುಪಿಗೆ ಹೊಂದಿಕೊಂಡಿದ್ದರು. ಈಗ ಜಿಪ್ಪು ಕಿತ್ತುಹೋದ ಚೀಲ, ಕಾಲುದ್ದವಾದ ಪ್ಯಾಂಟು ಬರುತ್ತವೆ. ಕೊಟ್ಟವರು ಫೋನು ನೋಡುತ್ತ ಬಾಗಿಲಲ್ಲೇ ನಿಂತು, ತೆಗೆದುಕೊಂಡು ಹೋಗುತ್ತಾರೆ. ಕೂರುವವರಿಗೆಂದು ಅವಳು ತರಿಸಿದ ಬೆಂಚಿನ ಮೇಲೆ ಬಟ್ಟೆಯ ಗಂಟುಗಳಿವೆ.

ಭಾವ ಜಾಗ ಮಾರಿ ವಾಪಸ್ ಬರುತ್ತೇನೆಂದು ಒಮ್ಮೆ ನನ್ನೊಡನೆ ಹೇಳಿದರು. ಅಕ್ಕನಿಗೆ ಹೇಳಲಿಲ್ಲ. ನೋಡಲು ಬಂದವರು ನೀರು ಕುಡಿದು ಹೊಗಳಿದರು, ಗಿಡಗಳನ್ನು ಹೊಗಳಿದರು, "ಸುತ್ತ ಒಂದು ನರಪಿಳ್ಳೆ ಇಲ್ವಲ್ಲ ಸಾರ್" ಎಂದು ಹೊರಟುಹೋದರು. ಒಬ್ಬರೂ ಎರಡನೇ ಸಲ ಬರಲಿಲ್ಲ.

ತಿಂಗಳಿಗೊಮ್ಮೆ ನಾನು ದಿನಸಿ ಹಾಕಿಕೊಂಡು ಹೋಗುತ್ತೇನೆ. ಭಾವ ಗೇಟಿನ ಹತ್ತಿರವೇ ಕಾಯುತ್ತಿರುತ್ತಾರೆ. ಮೂಟೆ ಇಳಿಸುವಾಗ ಬೇರೆ ಕಡೆ ನೋಡುತ್ತ ಕೇಳುತ್ತಾರೆ: "ಏನಾದ್ರೂ ಅಂದ್ಲಾ?"

"ಇಲ್ಲ ಭಾವ" ಎನ್ನುತ್ತೇನೆ. ಅವಳು ನಿಜವಾಗಿಯೂ ಏನೂ ಅಂದಿರುವುದಿಲ್ಲ.