ಕಡೆಯ ಸೈಕಲ್ಲಿನ ಗಾರ್ಡ್ ಸಾಹೇಬರು

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡುವುದು ನಮ್ಮ ಸಾಹೇಬರ ಕಸುಬು. ಪ್ಲಾಸ್ಟರಿನ ದವಡೆಗಳ ನಡುವೆ ಗುಲಾಬಿ ಮೇಣ ಕಾಯಿಸುತ್ತ, ಕೂತಲ್ಲೇ ಕೂತು ಹೊಟ್ಟೆ ಮೇಜಿಗೆ ತಾಗತೊಡಗಿದಾಗ, ಹೆಂಡತಿ ಹಟ ಹಿಡಿದು ಅವರನ್ನು ಭಾನುವಾರದ ಸೈಕಲ್ ಗುಂಪಿಗೆ ಸೇರಿಸಿದಳು.

ಗುಂಪಿನ ಮುಂದಾಳು ಮಕ್ಕಳಿಗೆ ಈಜು ಕಲಿಸುವ ಮೇಡಂ. ಎರಡನೆಯ ವಾರವೇ ಆಕೆ ಹತ್ತಿರ ಬಂದು, "ಅಣ್ಣಾ, ಕೊನೇಲಿ ಒಬ್ರು ಜವಾಬ್ದಾರಿ ಇರೋರು ಬೇಕು. ಯಾರೂ ಹಿಂದೆ ಉಳೀಬಾರ್ದು ನೋಡಿ. ನೀವು ನೋಡ್ಕೊಳ್ತೀರಾ?" ಎಂದು ಕೇಳಿದಳು. ರೈಲಿನ ಕಡೆಯ ಡಬ್ಬಿಯಲ್ಲಿ ಗಾರ್ಡ್ ಇರುವುದಿಲ್ಲವೇ, ಹಾಗೆ. ಅವತ್ತಿನಿಂದ ಅವರು ಗಾರ್ಡ್ ಸಾಹೇಬರಾದರು.

ಸಾಹೇಬರು ಉಬ್ಬಿಹೋದರು. ಸೈಕಲ್ಲಿನ ಹಿಂದಕ್ಕೆ ಕೆಂಪು ದೀಪ, ಕುತ್ತಿಗೆಗೆ ಸೀಟಿ. ಸೆಟ್ಟು ಸರಿಯಾಗಿ ಕೂರುತ್ತದೆಯೇ ಎಂದು ತೋರಿಸಲು ಬಾಯಿ ತೆರೆದು ಕೂತವರಿಗೆಲ್ಲ ಗುಂಪಿನ ರೀತಿನೀತಿಗಳ ಉಪದೇಶವಾಯಿತು: ಗುಂಡಿ ಕಂಡರೆ ಕೈ ತೋರಿಸಬೇಕು, ಗಕ್ಕನೆ ಬ್ರೇಕ್ ಹಾಕಬಾರದು, ಕೈಲಾಗದವರನ್ನು ಬಿಟ್ಟು ಹೋಗಬಾರದು. ಪಾಪ, ಅವರು ತಿರುಗಿ ಮಾತಾಡುವಂತಿರಲಿಲ್ಲ. ಸಾಹೇಬರಿಗೆ ಗುಂಪಿನ ಬಗ್ಗೆ ಇದ್ದದ್ದು ಒಂದೇ ಬೇಸರ. ಪ್ರತಿ ದಿಬ್ಬದ ಮೇಲೆ ತಾವು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಯಾರದೋ ಚೈನ್ ಕಳಚಿರುತ್ತಿತ್ತು. "ಎಂಥ ಡಬ್ಬಾ ಸೈಕಲ್ ಕೊಂಡಿದಾರೋ!" ಎಂದು ಹೆಂಡತಿಯ ಹತ್ತಿರ ಮರುಗುತ್ತಿದ್ದರು.

ಒಂದು ಭಾನುವಾರ ಬಾಮೈದನೂ ಹೊರಟುಬಂದ. ಬೀಗದ ಅಂಗಡಿಯವನು, ಭಾವನಿಗಿಂತ ಒಂದು ಸುತ್ತು ದಪ್ಪ. ಸಾಹೇಬರಿಗೆ ಒಳಗೊಳಗೇ ಹಿಗ್ಗು. ಕೊನೆಗೂ ತಮ್ಮ ಹಿಂದೆ ಒಬ್ಬ! ಹೊಸಬನನ್ನು ಗಾರ್ಡ್ ಕೈಗೆ ಒಪ್ಪಿಸಿ ಗುಂಪು ಮುಂದೆ ಹೋಯಿತು.

ಮೊದಲ ದಿಬ್ಬವನ್ನು ಹಿಂದೆಂದೂ ಇಲ್ಲದ ಹುರುಪಿನಲ್ಲಿ ಹತ್ತಿ, ಮರದಡಿ ಕೂತು ನೀರು ಕುಡಿದರು, ಬೆವರು ಒರೆಸಿಕೊಂಡರು. ಬಾಮೈದ ಕೆಂಪೇರಿದ ಮುಖ ಹೊತ್ತು ಬಂದು ಕಾಲೂರಿದ್ದೇ ತಡ, "ಬಂದ್ಯಾ? ನಡಿ, ಹೊರಡೋಣ" ಎಂದು ಪೆಡಲ್ ತುಳಿದರು. ಸೇತುವೆಯ ಏರಿನಲ್ಲೂ ಅದೇ ಕತೆ. ಪಕ್ಕಪಕ್ಕದಲ್ಲಿ ಹೋಗುವಾಗಲೂ ಇವರ ಚಕ್ರ ಗೇಣು ಮುಂದೆ. ಅವನು ಸಮಕ್ಕೆ ಬಂದರೆ ಇವರು ಇನ್ನೊಂದು ಗೇಣು ಮುಂದೆ.

ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಬಾಮೈದ ಸೈಕಲ್ ಮಲಗಿಸಿ ರಸ್ತೆಬದಿಯಲ್ಲಿ ಕೂತುಬಿಟ್ಟ.

"ಭಾವ, ನೀವು ಕೂತು ಸುಧಾರಿಸ್ಕೊಂಡಿರ್ತೀರಿ. ನಾನು ಬಂದ ಕೂಡ್ಲೇ ಹೊರಡ್ತೀರಿ. ನಾನ್ಯಾವಾಗ ಸುಧಾರಿಸ್ಕೊಳ್ಳೋದು?"

ಅಷ್ಟರಲ್ಲಿ ಮೇಡಂ ಇಬ್ಬರನ್ನೂ ಹುಡುಕಿಕೊಂಡು ವಾಪಸು ಬಂದಳು. ಬಾಮೈದ ಅವಳಿಗೂ ದೂರು ಒಪ್ಪಿಸಿದ.

"ಅಣ್ಣಾ," ಮೇಡಂ ನಗು ತಡೆದುಕೊಂಡು ಹೇಳಿದಳು, "ನಾವು ನಿಮಗೆ ಯಾವತ್ತಾದ್ರೂ ಹೀಗೆ ಮಾಡಿದೀವಾ? ನಿಮ್ಮ ಉಸಿರು ಹದಕ್ಕೆ ಬರೋವರೆಗೂ ಯಾರಾದ್ರೂ ಚೈನ್ ಹಾಕ್ತಾ ಕೂತಿರ್ತಿದ್ವಲ್ಲ."

"ಅಂದ್ರೆ ಆ ಚೈನು..."

"ಚೆನ್ನಾಗೇ ಇರ್ತಿತ್ತು."

"ಮತ್ತೆ ಈ ಗಾರ್ಡ್ ಕೆಲಸ?"

"ಹೇಗೂ ನೀವು ಕೊನೇಲೇ ಇರ್ತಿದ್ರಲ್ಲ ಅಣ್ಣಾ."

ಭೂಮಿ ಬಾಯಿ ಬಿಟ್ಟರೆ ಒಳಗಿಳಿದುಬಿಡೋಣ ಅನ್ನಿಸಿತು. ಆದರೆ ಬಾಯಿಯ ಅಳತೆ ನೋಡುವುದೇ ಕಸುಬಾದವರಿಗೆ, ಈ ಹೊಟ್ಟೆ ಹಿಡಿಸಲು ಅದು ಎಷ್ಟು ಬಾಯಿ ಬಿಡಬೇಕೋ ಎಂಬ ಲೆಕ್ಕವೂ ಜೊತೆಗೇ ತಲೆಗೆ ಬಂತು. ಅವರಿಗೇ ನಗು ಬಂದುಬಿಟ್ಟಿತು. ಬಾಮೈದನ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಮುಂದಕ್ಕೆ ಚಾಚಿ, "ನಿಧಾನಕ್ಕೆ ಕುಡಿ. ಅವಸರ ಏನಿಲ್ಲ" ಎಂದರು.

ಮನೆಯಲ್ಲಿ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಅಭಿನಯಿಸಿ ಹೇಳಿದರು. ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅಲ್ಲ ರೀ, ನಿಮ್ಮ ಹಿಂದೆ ಯಾರೂ ಇರ್ಲಿಲ್ಲ ಅಂದ್ಮೇಲೆ ಸೀಟಿ ಊದ್ತಿದ್ದದ್ದು ಯಾರಿಗೆ?"

"ಎಮ್ಮೆಗಳಿಗೆ" ಎಂದರು ಸಾಹೇಬರು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

ಅಲ್ಲಿಂದ ಮುಂದೆ ಬಾಮೈದ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೈ ಇಳಿದು, ದಿಬ್ಬಗಳನ್ನು ಭಾವನಿಗಿಂತ ಮೊದಲೇ ಹತ್ತತೊಡಗಿದ. ಮೇಲೆ ನಿಂತು ಕಾಯುತ್ತಾನೆ. ಇವರು ಬಂದು ಮುಟ್ಟಿದರೆ, "ಕೂತ್ಕೊಳ್ಳಿ ಭಾವ" ಎನ್ನುತ್ತಾನೆ. ಸಾಹೇಬರು ಸೈಕಲ್ ಮಲಗಿಸಿ ಕೂರುತ್ತಾರೆ.