ಆಂಪ್ಲಿಫೈಯರ್ ಮೇಲಿನ ಹೆಸರು

ನನ್ನ ಹೆಂಡತಿಯ ಅಣ್ಣನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮಕ್ತಲ್‌ನಲ್ಲಿ ಅವನದೊಂದು ಶಾಮಿಯಾನ ಮತ್ತು ಮೈಕ್‌ಸೆಟ್ ಅಂಗಡಿ ಇದೆ. ಕುರ್ಚಿ, ಬಕೆಟ್ಟು, ಅನ್ನದ ಹಂಡೆ, ಮೈಕಿನ ಹಾರ್ನು, ಅಂಗಡಿಯ ಎಲ್ಲದರ ಮೇಲೂ ಕೆಂಪು ಬಣ್ಣದಲ್ಲಿ ಅವನ ಹೆಸರು. ನಮ್ಮ ಮದುವೆಯಲ್ಲಿ ಆ ಕುರ್ಚಿಗಳ ಮೇಲೆ ಕೂತೆದ್ದ ನನ್ನ ಕಡೆಯ ನೆಂಟರ ಬೆನ್ನಿಗೂ ಅದು ಅಂಟಿಕೊಂಡಿತೇನೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

ನಾನು ನಾರಾಯಣಪೇಟೆಯವನು. ಹಗಲೆಲ್ಲ ಬೀಜ, ಗೊಬ್ಬರದ ಅಂಗಡಿ. ಮದುವೆಗಳ ಹಂಗಾಮಿನಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ಮಾವನವರು ಬೈಕ್ ಕೊಡುತ್ತೇವೆ ಎಂದಾಗ, ಬೈಕ್ ಬೇಡ, ಬೇಸ್ ಗಿಟಾರಿನ ಆಂಪ್ಲಿಫೈಯರ್ ಕೊಡಿ ಎಂದಿದ್ದೆ. ಕೊಟ್ಟರು. ಅದರ ಜೊತೆಗೆ ಹಂಡೆ, ಕೊಡ, ತಟ್ಟೆಗಳೂ ಬಂದವು. ರೂಢಿಯಂತೆ ಒಂದೊಂದು ಪಾತ್ರೆಯ ಮೇಲೂ ಮದುವಣಗಿತ್ತಿಯ ಹೆಸರು ಕೆತ್ತಿಸಿದ್ದರು. ಆಂಪಿನ ಮೇಲೆ ಮಾತ್ರ ಯಾರ ಹೆಸರೂ ಇರಲಿಲ್ಲ. ಅದು ನನ್ನದು ಎಂದು ನಾನು, ನಮ್ಮದು ಎಂದು ಭಾವ. ಅವರ ಮನೆಯಲ್ಲಿ ಯಾರ ಮೂಗು ಚುಚ್ಚಿದರೂ ಆಂಪು ಹೊತ್ತುಕೊಂಡು ಬಾ ಎಂದು ಫೋನ್ ಬರುತ್ತಿತ್ತು.

ಹೆಂಡತಿ ಬಾಣಂತನಕ್ಕೆ ಮಕ್ತಲ್‌ನಲ್ಲಿದ್ದಳು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನದ ಮರುದಿನವೇ ಗದ್ವಾಲದ ದೊಡ್ಡ ಆರ್ಕೆಸ್ಟ್ರಾವೊಂದು ನನ್ನನ್ನು ವೇದಿಕೆ ಹತ್ತಿಸಿ ನೋಡುವುದಿತ್ತು. ನಾನು ನುಡಿಸುವುದು ಹಿಡಿಸಿದರೆ ವರ್ಷವಿಡೀ ಅವರ ಜೊತೆ. ಅದಕ್ಕಾಗಿ ಆಂಪು ಸುರಕ್ಷಿತವಾಗಿರಬೇಕಿತ್ತು. ತರುವುದಿಲ್ಲ ಎಂದೆ. ಅತ್ತೆಯವರು, ಮೊದಲ ಮಗುವಿನ ಜೋಗುಳ ಓಣಿಗೆಲ್ಲ ಕೇಳಬೇಕು ಎಂದು ಹಟ ಹಿಡಿದರು. ಬೈಕ್ ಬೇಡವೆಂದ ತಪ್ಪಿಗೆ ಆಂಪನ್ನು ಬಸ್ಸಿನಲ್ಲಿ ಹಾಕಿಕೊಂಡು, ಕಂಡಕ್ಟರನ ಬೈಗುಳ ತಿನ್ನುತ್ತ ಹೋದೆ.

ಜೋಡಣೆಯನ್ನು ನಾನೇ ಮಾಡಿದೆ. ಮೊದಲು ವಾಲ್ಯೂಮ್ ಸೊನ್ನೆಗೆ, ಗಿಟಾರಿನ ಕೇಬಲ್ ಕಾಲಲ್ಲಿ ಒತ್ತುವ ಪೆಡಲಿಗೆ, ಪೆಡಲಿನದು ಆಂಪಿಗೆ, ಆಮೇಲೆ ಕರೆಂಟು. ಹಾಡುವ ಹೆಂಗಸರ ಮೈಕನ್ನು ಭಾವ ಆಂಪಿನ ಎರಡನೇ ತೂತಿಗೆ ಚುಚ್ಚಿದ. ಒಂದು ಮೈಕ್ ತಾನೇ ಎಂದು ಹಲ್ಲು ಕಚ್ಚಿಕೊಂಡೆ. ಅಷ್ಟರಲ್ಲಿ ಅವನು ಅಂಗಡಿಯಿಂದ ದೊಡ್ಡ ಸ್ಪೀಕರ್ ಬಾಕ್ಸುಗಳನ್ನು ಇಳಿಸಿದ. ಅಡುಗೆಯವರಿಗೊಂದು, ಬೀದಿಗೊಂದು, ಮಾಳಿಗೆಗೊಂದು. ಎಲ್ಲದರ ವೈರುಗಳನ್ನೂ ಹಲ್ಲಿನಲ್ಲಿ ಸುಲಿದು, ಒಟ್ಟಿಗೆ ಹೊಸೆದು, ಆಂಪಿನ ಹಿಂದೆ ಇನ್ನೊಂದು ಸ್ಪೀಕರಿಗೆಂದು ಇದ್ದ ಜಾಗಕ್ಕೆ ಸಿಕ್ಕಿಸಿದ.

ಹಾರ್ನ್ ಕಟ್ಟುವವರ ಕೈಚಳಕವೇ ಅದು. ಅವರ ಮಷೀನಿಗೆ ಒಂದರ ಹಿಂದೊಂದು ಹಾರ್ನ್ ನೇತುಹಾಕುತ್ತ ಊರ ಕೊನೆಯವರೆಗೂ ಹೋಗಬಹುದು. ಅದನ್ನು ಮಾಡಿರುವುದೇ ಹಾಗೆ. ಬೇಸ್ ಆಂಪು ಹಾಗಲ್ಲ, ಅದಕ್ಕೆ ಒಂದು ಬಾಕ್ಸಿನ ಮೇಲೆ ಇನ್ನೊಂದು ಸೇರಿಸಿದಷ್ಟೂ ಅದರ ಮೇಲೆ ಭಾರ ಬೀಳುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

“ಇದು ತಡಿಯಾಂಗಿಲ್ಲ ಭಾವಾ, ಸುಡ್ತೈತಿ. ನಾಳೆ ಗದ್ವಾಲದಾಗ ನನಗ ಬೇಕು,” ಎಂದೆ.

“ಊರ ತುಂಬ ಹಾರ್ನ್ ಕಟ್ಟಿದವ ನಾನು. ಕೊಟ್ಟವರು ನಾವ ಅದೀವಿ ಅಳಿಯಂದ್ರ, ಕೆಟ್ರ ನಾವ ಮಾಡಿಸ್ತೀವಿ,” ಎಂದ.

ವೈರು ಕೀಳಲು ಬಾಗಿದೆ. ಬಂದವರ ಮುಂದೆ ಬೇಡ ಎಂದು ಮಾವನವರು ನನ್ನ ಕೈ ಹಿಡಿದರು. ಎರಡನೇ ಜೋಗುಳದ ನಡುವೆ ದನಿ ಒಡೆಯಿತು, ಸುಟ್ಟ ವಾಸನೆ ಬಂತು, ಆಂಪಿನ ದೀಪ ಆರಿತು. ಹೆಂಗಸರು ಮೈಕಿಲ್ಲದೆಯೇ ಹಾಡು ಮುಗಿಸಿದರು. ವೋಲ್ಟೇಜಿನದೇ ತಪ್ಪೆಂದು ಭಾವ ಕರೆಂಟ್ ಆಫೀಸಿನವರನ್ನು ಬೈದು ಊಟಕ್ಕೆ ಕೂತ. ಆ ಹೊತ್ತು ಅವನ ಎಲೆಗೆ ಮಣ್ಣು ಹಾಕಬೇಕು ಅನ್ನಿಸಿತ್ತು.

ಗದ್ವಾಲದಲ್ಲಿ ಕೀಬೋರ್ಡಿನವನ ಆಂಪಿನಲ್ಲಿ ನನ್ನ ಗಿಟಾರಿಗೆ ಜಾಗ ಬೇಡಿಕೊಳ್ಳಬೇಕಾಯಿತು. ದಪ್ಪ ತಂತಿ ಮುಟ್ಟಿದಾಗಲೆಲ್ಲ ಆ ಸಣ್ಣ ಪೆಟ್ಟಿಗೆ, ಡಬ್ಬಿಯೊಳಗೆ ದುಂಬಿ ಬಿದ್ದ ಹಾಗೆ ಗೊರಗುಟ್ಟಿತು. ಫೋನ್ ಮಾಡುತ್ತೇವೆ ಎಂದು ತೆಲುಗಿನಲ್ಲಿ ನಯವಾಗಿ ಹೇಳಿ ಕಳಿಸಿದರು. ಬೇರೆಯವನನ್ನು ತೆಗೆದುಕೊಂಡರು.

ಬಾಣಂತನ ಮುಗಿಸಿ ಹೆಂಡತಿ ಭಾವನ ಟ್ರಾಲಿ ಆಟೋದಲ್ಲಿ ನಾರಾಯಣಪೇಟೆಗೆ ಬಂದಳು. ಜೊತೆಗೆ ರಾಯಚೂರಿನಲ್ಲಿ ರಿಪೇರಿಯಾದ ಆಂಪು. ಅದರ ನೆತ್ತಿಯ ಮೇಲೆ, ಕೆಂಪು ಬಣ್ಣದಲ್ಲಿ, ಭಾವನ ಹೆಸರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ತವರಿನವರನ್ನು ಒಬ್ಬರನ್ನೂ ಬಿಡದೆ ಬೈದೆ. ಅವಳು ಮಗುವನ್ನು ಮಲಗಿಸಿ, ಚಿಂದಿಯನ್ನು ಥಿನ್ನರಿನಲ್ಲಿ ಅದ್ದಿ ಅಣ್ಣನ ಹೆಸರನ್ನು ತಿಕ್ಕಿ ತೆಗೆದಳು. ಕೊನೆಗೂ ನನ್ನ ಕಡೆ ಬಂದಳಲ್ಲ ಎಂದು ಉಬ್ಬಿಹೋದೆ. ಪೇಟೆಗೆ ಓಡಿ ಬಿಳಿ ಬಣ್ಣ, ಬ್ರಶ್ಶು ತಂದೆ.

ಎರಡನ್ನೂ ಅವಳು ನನ್ನ ಕೈಯಿಂದ ತೆಗೆದುಕೊಂಡಳು.

“ಒಳಗ ಹಂಡೆ ಮ್ಯಾಲ ಯಾರ ಹೆಸರೈತಿ?” ಎಂದು ಕೇಳಿದಳು. ನಿನ್ನದೇ ಎಂದೆ. “ಇದೂ ಅವತ್ತ, ಅವುಗಳ ಸಂಗಾಟನ ಬಂದದ್ದರಿ. ಸುಡಾಕ ಮುಂಚೆ ಅವ ನನ್ನ ಕೇಳಲಿಲ್ಲ. ಹೊತಗೊಂಡು ತಿರಗಾಕ ನೀವೂ ಕೇಳಲಿಲ್ಲ.”

ನೆಲದ ಮೇಲೆ ಕೂತು, ದುಂಡಗೆ ತನ್ನ ಹೆಸರು ಬರೆದಳು.

ಮೊನ್ನೆ ಭಾವ ಮತ್ತೆ ವೈರಿನ ಸುರುಳಿ ಹಿಡಿದುಕೊಂಡು ಆಂಪಿಗಾಗಿ ಬಂದಿದ್ದ. ಆ ಹೆಸರು ಓದಿದ. ತಂಗಿಯನ್ನು ಕೇಳಿದ. ಅವಳು ಇಲ್ಲ ಎಂದಳು. ನಾನು ಎಷ್ಟು ಅರಚಿದರೂ ಕೇಳದವನು ಆ ಒಂದು ಮಾತಿಗೆ ವೈರು ಸುತ್ತಿಕೊಂಡು ಹೋದ. ಬಾಗಿಲಲ್ಲಿ ನಿಂತು ಮನಸಾರೆ ನಕ್ಕೆ. ನಗು ಮುಗಿದ ಮೇಲೆ ನೆನಪಾಯಿತು: ಶುಕ್ರವಾರ ಕೋಸಗಿಯಲ್ಲಿ ನನಗೊಂದು ಮದುವೆಯಲ್ಲಿ ನುಡಿಸುವುದಿತ್ತು, ಆಂಪಿಗಾಗಿ ನಾನಿನ್ನೂ ಅವಳನ್ನು ಕೇಳಿರಲಿಲ್ಲ.