ಬದನೆಕಾಯಿಯ ಪಥ್ಯ

ಮೊನ್ನೆ ಬಂಟ್ವಾಳದ ಮದ್ದಿನಂಗಡಿಯಲ್ಲಿ ಅಲರ್ಜಿಯ ಮಾತ್ರೆ ಕೊಂಡು ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ, "ಇದಕ್ಕೆ ಪಥ್ಯ ಏನಾದರೂ ಉಂಟಾ?" ಎಂದು ಕೇಳಿದೆ. "ಏನಿಲ್ಲ, ಎಲ್ಲ ತಿನ್ನಬಹುದು" ಎಂದಳು ಅಂಗಡಿಯ ಹುಡುಗಿ. ಯಾಕೋ ಸ್ವಲ್ಪ ನಿರಾಸೆಯಾಯಿತು. ಆ ನಿರಾಸೆ ನನ್ನದಲ್ಲ, ಸುಂದರಿಯಕ್ಕನದು ಎಂದು ಹೊಳೆಯಲು ಬಸ್‌ಸ್ಟ್ಯಾಂಡಿನವರೆಗೆ ನಡೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ, ಓದು ಮುಗಿಸಿದ ಹೊಸತರಲ್ಲಿ, ಬೆಳ್ತಂಗಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ದಾದಿಯರ ಕೆಲಸದ ಸ್ಥಿತಿಗತಿ ಒಂದು ಫೈಲು; ರೋಗಿಗಳಿಗೆ ತಮ್ಮ ಕಾಯಿಲೆಯ ಬಗ್ಗೆ ಏನು ಗೊತ್ತು ಎಂಬುದು ಇನ್ನೊಂದು ಫೈಲು. ಪ್ರಶ್ನೆಗಳ ಭಾಷೆ ನನ್ನದೇ. "ತಮ್ಮ ರೋಗದ ಸ್ವರೂಪದ ಕುರಿತು ತಮಗಿರುವ ಅರಿವು ಎಂಥದ್ದು?" ಎಂದು ಕೇಳಿದಾಗ ಒಬ್ಬ ಅಜ್ಜ ನನ್ನನ್ನು ಕರುಣೆಯಿಂದ ನೋಡಿ, "ನಿಮಗೆ ತುಳು ಬರುವುದಿಲ್ವಾ ಮಗಾ?" ಎಂದಿದ್ದರು. ಬರುತ್ತಿತ್ತು. ಆದರೆ ತುಳುವಿನಲ್ಲಿ ಕೇಳಿದರೆ ಅದು ಸಂಶೋಧನೆ ಎನ್ನಿಸುತ್ತಿರಲಿಲ್ಲ.

ನಾನು ಪ್ರಶ್ನೆ ಕೇಳುತ್ತಾ ತಿರುಗುತ್ತಿದ್ದ ವಾರ್ಡಿನ ದಾದಿ ಬೆಳುವಾಯಿಯ ಪ್ರಮೀಳಾ ಸಿಸ್ಟರ್. ಕೆಲಸದ ಮಧ್ಯೆ ಕೂರಲು ಸಮಯ ಸಿಗುತ್ತದೆಯೇ ಎಂದು ಅವರ ಹಿಂದೆ ಓಡುತ್ತಾ ಕೇಳಿದ್ದೆ. "ನೀವು ಕೂತುಕೊಂಡು ಕೇಳಿ ಮಾರಾಯ್ರೆ, ನಾನು ನಡೀತಾ ಹೇಳ್ತೇನೆ" ಎಂದಿದ್ದರು.

ಸುಂದರಿಯಕ್ಕ ವೇಣೂರಿನವರು, ಬೀಡಿ ಕಟ್ಟುವವರು. ಫಿಟ್ಸ್ ಬಂದು ಒಲೆಯ ಬದಿಗೆ ಬಿದ್ದು ಮುಂಗೈ ಸುಟ್ಟುಕೊಂಡು ಬಂದಿದ್ದರು. ಫಿಟ್ಸ್‌ನ ಮಾತ್ರೆ ಡಾಕ್ಟರು ಮೊದಲೇ ಕೊಟ್ಟಿದ್ದರು. ಇವರು ನಡುವೆ ಬಿಟ್ಟಿದ್ದರು. ಯಾಕೆ ಎಂದು ಕೇಳಿದೆ. "ಡಾಕ್ಟ್ರು ಪಥ್ಯವೇ ಹೇಳಲಿಲ್ಲ. ದೊಡ್ಡ ಕಾಯಿಲೆ ಆಗಿದ್ದರೆ ಹೇಳ್ತಿರಲಿಲ್ವಾ?" ಎಂದರು. ಇದನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಬಿಟ್ಟರೆ ಬೀಳುವುದು ಒಲೆಯೊಳಗೇ ಆಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ಮನೆಗೆ ಕಳಿಸುವ ದಿನ ಪ್ರಮೀಳಾ ಸಿಸ್ಟರ್ ಮಾತ್ರೆಯ ಪೊಟ್ಟಣ ಕೊಡುತ್ತಾ, "ಇದು ತಿನ್ನುವಷ್ಟು ಕಾಲ ಬದನೆ ಮುಟ್ಟಬಾರದು" ಎಂದರು.

ಸುಂದರಿಯಕ್ಕನ ಮುಖ ಅರಳಿತು. "ಬಂಗುಡೆ?"

"ತಿನ್ನಬಹುದು."

"ಗಾಯಕ್ಕೆ ಅದೂ ನಂಜಲ್ವಾ ಸಿಸ್ಟರ್?"

"ಆಯ್ತು, ಗಾಯ ಒಣಗುವವರೆಗೆ ಬಂಗುಡೆಯೂ ಬೇಡ."

ಮೀನೂ ತಿನ್ನಬಾರದೆಂದು ಹೇಳಿಸಿಕೊಂಡು ಅಷ್ಟು ಸಂತೋಷದಿಂದ ಮನೆಗೆ ಹೋದವರನ್ನು ನಾನು ಬೇರೆ ನೋಡಿಲ್ಲ. ಅವರಿಬ್ಬರೂ ಆಡಿದ್ದು ತುಳುವಿನಲ್ಲಿ. ನೆನಪು ಅದನ್ನು ಕನ್ನಡ ಮಾಡಿಕೊಂಡಿದೆ. ಹಾಗೆ ಮಾಡುವಾಗ ಇನ್ನೇನು ತಿದ್ದಿದೆಯೋ ಗೊತ್ತಿಲ್ಲ.

"ಅದು ಸುಳ್ಳಲ್ವಾ?" ಎಂದು ಆಮೇಲೆ ಪ್ರಮೀಳಾ ಸಿಸ್ಟರನ್ನು ಕೇಳಿದೆ.

"ಸುಳ್ಳೇ. ಸತ್ಯ ಹೇಳಲಿಕ್ಕೆ ಅರ್ಧ ಗಂಟೆ ಬೇಕು. ನೀವು ನೋಡ್ತಾ ಇದ್ದೀರಲ್ಲ, ಉಂಟಾ ನನ್ನ ಹತ್ತಿರ?"

ಮುಂದಿನ ತಿಂಗಳು ಸುಂದರಿಯಕ್ಕ ತಾವಾಗಿಯೇ ಬಂದರು, ಅಪರಾಧಿಯಂತೆ ಬಾಗಿಲ ಬಳಿ ನಿಂತರು. ನಾದಿನಿಯ ಸೀಮಂತದಲ್ಲಿ ಸಾಂಬಾರಿನ ಜೊತೆ ಬದನೆಯ ಹೋಳು ಬಾಯಿಗೆ ಹೋಗಿತ್ತು. ಪಥ್ಯ ಮುರಿದ ಮೇಲೆ ಮದ್ದು ಹಿಡಿಯುವುದಿಲ್ಲ ಎಂದು ಅಂದಿನಿಂದ ಮಾತ್ರೆ ನಿಲ್ಲಿಸಿದ್ದರು.

ಪ್ರಮೀಳಾ ಸಿಸ್ಟರ್ ಕೂತರು. ಅವರು ಕೂತದ್ದನ್ನು ನಾನು ಕಂಡದ್ದು ಆಗ ಮಾತ್ರ. "ನೋಡಿ ಅಕ್ಕ, ಬದನೆಯ ಮಾತು ನಾನೇ ಕಟ್ಟಿದ್ದು. ಡಾಕ್ಟ್ರು ಹೇಳಿದ್ದಲ್ಲ. ನೀವು ಮಾತ್ರೆ ಬಿಡಬಾರದು ಅಂತ ಹೇಳಿದ್ದು."

ಸುಂದರಿಯಕ್ಕ ಸಿಸ್ಟರ್‌ನ ಕೈ ಹಿಡಿದುಕೊಂಡರು. "ನನಗೆ ಬೇಜಾರಾಗಬಾರದು ಅಂತ ಹೀಗೆ ಹೇಳ್ತೀರಿ ನೀವು. ಗೊತ್ತಾಗುತ್ತದೆ ನನಗೆ."

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಇನ್ನೊಬ್ಬರು ಕೂಗಿದರು. ಪ್ರಮೀಳಾ ಸಿಸ್ಟರ್ ಎದ್ದು, "ಹಾಗಾದರೆ ಕೇಳಿ. ಈ ಮದ್ದಿಗೆ ಬದನೆ ತಿಂದರೆ ಸಣ್ಣ ಅಪಥ್ಯ. ಮಾತ್ರೆ ಬಿಟ್ಟರೆ ದೊಡ್ಡ ಅಪಥ್ಯ. ಇವತ್ತೇ ಪುನಃ ಶುರು ಮಾಡುವ" ಎಂದರು.

"ಹಾಗೂ ಉಂಟಾ?"

"ಇದಕ್ಕೆ ಉಂಟು."

ನಾನು ಆ ಕೆಲಸ ಬಿಟ್ಟ ಮೇಲೆ ಈ ಕಥೆಯನ್ನು ಗೆಳೆಯರಿಗೆ ಹಲವು ಸಲ ಹೇಳಿ ನಗಿಸಿದ್ದೇನೆ. ಸುಂದರಿಯಕ್ಕ ಮಾತ್ರೆ ಮುಂದುವರಿಸಿದರೋ ಇಲ್ಲವೋ ಎಂದು ಕೇಳುವುದೇ ನನಗೆ ಹೊಳೆದಿರಲಿಲ್ಲ. ಬಸ್ಸು ಕಾಯುತ್ತಾ ಪ್ರಮೀಳಾ ಸಿಸ್ಟರ್‌ಗೆ ಫೋನು ಮಾಡಿದೆ. ಅದೇ ಆಸ್ಪತ್ರೆ, ಅದೇ ವಾರ್ಡು.

"ಸುಂದರಿಯಕ್ಕನಾ? ತಪ್ಪದೆ ಬರ್ತಾರೆ ಮಾತ್ರೆಗೆ. ಮತ್ತೆ ಬೀಳಲಿಲ್ಲ. ಈಗ ಅವರ ಮನೆಯಲ್ಲಿ ಯಾರೂ ಬದನೆ ತಿನ್ನುವುದಿಲ್ಲವಂತೆ, ಮೊಮ್ಮಗಳಿಗೂ ಕೊಡುವುದಿಲ್ಲ."

ಮನಸ್ಸು ಹಗುರಾಯಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಎರಡು ಫೈಲುಗಳಲ್ಲಿ ಎಲ್ಲಿಯೂ ಇಲ್ಲದ ಪ್ರಶ್ನೆಯೊಂದು ಬಾಯಿಗೆ ಬಂತು, ಈ ಸಲ ತುಳುವಿನಲ್ಲೇ: "ಸಿಸ್ಟರ್, ಈಗಲಾದರೂ ಆ ಅರ್ಧ ಗಂಟೆ ಸಿಗುತ್ತದಾ ನಿಮಗೆ?"

ಆಚೆಯಿಂದ ಮೊದಲು ನಗು ಕೇಳಿಸಿತು. ಆಮೇಲೆ, ದೂರದಲ್ಲಿ ಯಾರೋ ಅವರನ್ನು ಕರೆಯುವುದು.

"ಒಂದು ನಿಮಿಷ ಹಿಡಿದುಕೊಳ್ಳಿ" ಎಂದು ಫೋನನ್ನು ಎಲ್ಲೋ ಇಟ್ಟು ಹೋದರು. ಬಸ್ಸು ಬಂತು. ನಾನು ಹತ್ತಲಿಲ್ಲ, ಕಿವಿಗೆ ಫೋನು ಹಿಡಿದು, ಆ ವಾರ್ಡಿನಲ್ಲಿ ದೂರವಾಗುತ್ತಿದ್ದ ಅವರ ಚಪ್ಪಲಿಯ ಸದ್ದು ಕೇಳುತ್ತಾ ನಿಂತೆ.